ಬೇಸ್ ಸ್ಟೇಷನ್ನೂ ನಿದ್ದೆ ಮಾಡ್ಬೇಕು ಅನ್ನೋದು ಕಾಮನ್ ಸೆನ್ಸಾ? ಡಿಎಸ್ಎಸ್ ವರ್ಸಸ್ ಆಪಲ್ ಅಪೀಲ್ ಬಗ್ಗೆ ಮಾತಾಡೋಣ

ಮೋಡೆಮ್ ಮಾದೇಶ:
ಎಲ್ರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಬೆಂಗಳೂರಲ್ಲಿ ಮೋಡೆಮ್ ಫರ್ಮ್‌ವೇರ್ ಬರೀತಿದೀನಿ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಲೀಪ್ ಕೋಡು, ಅಂದ್ರೆ ಫೋನ್ ಸುಮ್ನೆ ಜೇಬಲ್ಲಿ ಬಿದ್ದಿದ್ದಾಗ ರೇಡಿಯೋ ಯಾವಾಗ ಆಫ್ ಆಗ್ಬೇಕು, ಯಾವಾಗ ಎದ್ದು ಟವರ್ ಏನಂತಿದೆ ಅಂತ ಕೇಳ್ಬೇಕು ಅನ್ನೋ ಕೆಲಸ. ಮೊನ್ನೆ ಆಫೀಸಲ್ಲಿ ಪೇಟೆಂಟ್ ಟ್ರೈನಿಂಗ್ ಅಂತ ಕೂರಿಸಿದ್ರು, ಅಲ್ಲಿ ಒಂದು ಅಮೆರಿಕದ ಅಪೀಲ್ ತೀರ್ಪು ತೋರಿಸಿದ್ರು, 2018ರ ಮಾರ್ಚಿಂದು, ಡಿಎಸ್ಎಸ್ ಟೆಕ್ನಾಲಜಿ ಮ್ಯಾನೇಜ್‌ಮೆಂಟ್ ವರ್ಸಸ್ ಆಪಲ್. ಆಗಿಂದ ತಲೇಲಿ ಕೊರೀತಾನೇ ಇದೆ.

ವಿಷಯ ಇಷ್ಟು. ಡಿಎಸ್ಎಸ್ ಕಂಪನಿ ಕೈಲಿದ್ದ 6128290 ನಂಬರಿನ ಪೇಟೆಂಟು, 2000ನೇ ಇಸವೀಲಿ ಸಿಕ್ಕಿದ್ದು, ಇದನ್ನ ಹಿಡ್ಕೊಂಡು ಆಪಲ್ ಮೇಲೆ ಕೇಸ್ ಹಾಕಿದ್ರು. ಮೈಮೇಲೆ ಇಟ್ಕೊಳ್ಳೋ ಒಂದು ಸಣ್ಣ ಕಂಪ್ಯೂಟರು, ಅದನ್ನ ಸರ್ವರ್ ಅಂತಾರೆ, ಅದರ ಸುತ್ತ ಇಪ್ಪತ್ತು ಮೀಟರ್ ಒಳಗೆ ಸಣ್ಣ ಸಣ್ಣ ಆಕ್ಸೆಸರಿಗಳು, ಎಲ್ಲಾ ವೈರ್‌ಲೆಸ್ಸಲ್ಲಿ ಮಾತಾಡ್ಕೊಳ್ಳೋದು. ಬ್ಯಾಟರಿ ಉಳಿಸೋಕೆ ಎರಡೂ ಕಡೆ ಟ್ರಾನ್ಸ್‌ಮಿಟರು ಯಾವಾಗ್ಲೂ ಆನ್ ಇರಲ್ಲ, ಮೊದ್ಲೇ ಗೊತ್ತು ಮಾಡಿಕೊಂಡ ಕೋಡ್ ಪ್ರಕಾರ ಚಿಕ್ಕ ಚಿಕ್ಕ ಬರ್ಸ್ಟಲ್ಲಿ, ಅಂದ್ರೆ ಸಿಗ್ನಲ್ ತುಣುಕಲ್ಲಿ ಮಾತ್ರ ಆನ್ ಆಗುತ್ತೆ, ಇದಕ್ಕೇ ಲೋ ಡ್ಯೂಟಿ ಸೈಕಲ್ ಅನ್ನೋದು. ಆಪಲ್ ಹೇಳಿದ್ದು, ಇದರಲ್ಲಿ ಹೊಸದೇನಿಲ್ಲ, 1993ರಲ್ಲೇ ಐಬಿಎಂಗೆ ಸಿಕ್ಕಿರೋ ನಟರಾಜನ್ ಪೇಟೆಂಟಲ್ಲಿ ಮೊಬೈಲ್ ಯೂನಿಟ್ಟುಗಳು ತಮ್ಮ ಸ್ಲಾಟ್ ಇಲ್ಲದಾಗ ರೇಡಿಯೋ ಆಫ್ ಮಾಡ್ಕೊಂಡು ಮಲಗೋದು ಇದೆಯಲ್ಲ ಅಂತ. ಪೇಟೆಂಟ್ ಆಫೀಸಿನ ಬೋರ್ಡು 2016ರಲ್ಲಿ ಹೌದು ಅಂತು, ಮೊಬೈಲ್ ಮಲಗೋದು ಗೊತ್ತಿದ್ಮೇಲೆ ಬೇಸನ್ನೂ, ಅಂದ್ರೆ ಆ ಮೊಬೈಲುಗಳು ಮಾತಾಡೋ ಟವರಿನಂಥ ಸ್ಟೇಷನ್ನನ್ನೂ ಮಲಗಿಸೋಕೆ ಸಾಮಾನ್ಯ ಇಂಜಿನಿಯರಿಗೆ ಇರೋ ಸಾಮಾನ್ಯ ಕ್ರಿಯೇಟಿವಿಟಿ ಸಾಕು ಅಂತ. ಅಪೀಲ್ ಕೋರ್ಟ್ ಅದನ್ನ ರದ್ದು ಮಾಡ್ತು. ವಾಪಸ್ ಕಳ್ಸಿ ಇನ್ನೊಂದ್ಸಲ ನೋಡಿ ಅಂತಲೂ ಅನ್ನಲಿಲ್ಲ, ನೇರ ರಿವರ್ಸ್.

ನಂಗೆ ಇದು ಸರಿ ಅನ್ನಿಸ್ತಿಲ್ಲ. ಒಂದು ಕಡೆ ರೇಡಿಯೋ ಆಫ್ ಮಾಡೋ ವಿದ್ಯೆ ಬರುತ್ತೆ ಅಂದ್ರೆ ಇನ್ನೊಂದು ಕಡೆನೂ ಆಫ್ ಮಾಡೋಕೆ ಏನು ಕಷ್ಟ? ನಮ್ಮ ಟೀಮಿನ ಯಾರನ್ನ ಕೇಳಿದ್ರೂ ಐದು ನಿಮಿಷದಲ್ಲಿ ಹೇಳ್ತಾರೆ. ನಿಮ್ಮೆಲ್ರ ಅಭಿಪ್ರಾಯ ಬೇಕು, ಕಾನೂನು ಗೊತ್ತಿರೋರು ಇದ್ರೆ ಇನ್ನೂ ಒಳ್ಳೇದು.

ತುಮಕೂರು ಇಸಿ ಮೂರನೇ ವರ್ಷ:
ಸರ್ ನಮಸ್ತೆ, ನಾನು ಇನ್ನೂ ಓದ್ತಿದೀನಿ. ಡ್ಯೂಟಿ ಸೈಕಲ್ ಅಂದ್ರೆ ಪುಸ್ತಕದಲ್ಲಿ ಆನ್ ಟೈಮ್ ಭಾಗಿಸು ಒಟ್ಟು ಟೈಮ್ ಅಂತ ಇದೆ, ಆದ್ರೆ ನಿಜವಾದ ಫೋನಲ್ಲಿ ಎಷ್ಟಿರುತ್ತೆ? ಮತ್ತೆ ಫೋನ್ ಮಲಗಿರೋವಾಗ ಕಾಲ್ ಬಂದ್ರೆ ಮಿಸ್ ಆಗಲ್ವಾ?

ಮೋಡೆಮ್ ಮಾದೇಶ:
ಒಳ್ಳೆ ಪ್ರಶ್ನೆ ಕಣಮ್ಮ. 2ಜಿ ಲೆಕ್ಕ ಹೇಳ್ತೀನಿ, ಅದೇ ಸುಲಭ. ಜಿಎಸ್ಎಮ್ಮಲ್ಲಿ, ಅಂದ್ರೆ ಆ 2ಜಿ ಸ್ಟ್ಯಾಂಡರ್ಡಲ್ಲಿ, ಕಾಲ್ ಬಂದಿದೆ ಅಂತ ಕೂಗೋ ಪೇಜಿಂಗ್ ಚಾನೆಲ್ಲು 51 ಫ್ರೇಮಿನ ಒಂದೊಂದು ಸುತ್ತಲ್ಲಿ ಬರುತ್ತೆ, ಒಂದು ಸುತ್ತು ಅಂದ್ರೆ ಸುಮಾರು 235 ಮಿಲಿಸೆಕೆಂಡ್. ನೆಟ್ವರ್ಕ್ ನಿನ್ನ ಫೋನಿಗೆ 2ರಿಂದ 9 ಸುತ್ತಿಗೆ ಒಂದ್ಸಲ ಎದ್ದು ಕೇಳು ಸಾಕು ಅಂತ ಹೇಳಿರುತ್ತೆ. 9 ಇಟ್ರೆ 2.1 ಸೆಕೆಂಡಿಗೊಂದ್ಸಲ. ಎದ್ದಾಗ ಕೇಳ್ಬೇಕಾಗಿರೋದು ನಾಲ್ಕೇ ನಾಲ್ಕು ಬರ್ಸ್ಟು, ಹದಿನೆಂಟು ಮಿಲಿಸೆಕೆಂಡ್ ಒಳಗೆ ಮುಗಿಯುತ್ತೆ. ಹಾಗಾಗಿ ನೂರಕ್ಕೆ ಒಂದು ಪಾಲೂ ಎಚ್ಚರ ಇರಲ್ಲ. ಕಾಲ್ ಮಿಸ್ ಆಗಲ್ಲ ಯಾಕಂದ್ರೆ ನೀನು ಯಾವ ಹೊತ್ತಿಗೆ ಏಳ್ತೀಯ ಅಂತ ಟವರಿಗೂ ಗೊತ್ತು, ನಿನ್ನ ಸಿಮ್ಮಿನ ಗುರುತು, ಐಎಂಎಸ್ಐ ನಂಬರಿಂದಲೇ ಎರಡೂ ಕಡೆ ಅದೇ ಲೆಕ್ಕ ಹಾಕ್ತಾರೆ. ಟವರು ಕಾಯ್ಕೊಂಡಿದ್ದು ಆ ಹೊತ್ತಿಗೇ ಕೂಗುತ್ತೆ.

ಪೇಜರ್ ಕಾಲದವನು:
ಮಾದೇಶ್ ಅವ್ರೇ, ನಾನು ತೊಂಬತ್ತೈದನೇ ಇಸವಿ ಆಸುಪಾಸಲ್ಲಿ ಬೆಂಗಳೂರಲ್ಲಿ ಪೇಜರ್ ಸರ್ವಿಸ್ ಮಾಡ್ತಿದ್ದೆ, ಈಗ ರಿಟೈರ್ಡು. ಈ ಮಲಗೋ ವಿದ್ಯೆ ನಿಮ್ಮ ಜಿಎಸ್ಎಮ್ಮಿಗಿಂತ ಹಳೇದು. ಪೋಕ್ಸ್ಯಾಗ್ ಅಂತ ಪೇಜರ್ ಸ್ಟ್ಯಾಂಡರ್ಡು, ಬ್ರಿಟಿಷ್ ಪೋಸ್ಟ್ ಆಫೀಸಿನವರು ಎಪ್ಪತ್ತರ ದಶಕದಲ್ಲೇ ಶುರು ಮಾಡಿದ್ದು. ಅದರಲ್ಲಿ ಒಂದು ಬ್ಯಾಚಿಗೆ ಎಂಟು ಫ್ರೇಮು, ನಿಮ್ಮ ಪೇಜರ್ ನಂಬರಿನ ಕೊನೇ ಮೂರು ಬಿಟ್‌ಗಳನ್ನ ನೋಡಿದ್ರೆ ನೀವು ಯಾವ ಫ್ರೇಮಿನವರು ಅಂತ ಗೊತ್ತಾಗುತ್ತೆ, ಪೇಜರ್ ಆ ಫ್ರೇಮಿಗೆ ಮಾತ್ರ ಕಿವಿ ತೆರೆಯೋದು, ಮಿಕ್ಕ ಏಳು ಫ್ರೇಮೂ ಮುಚ್ಚಿರೋದು. ಒಂದು ಪೆನ್ಸಿಲ್ ಸೆಲ್ಲು ವಾರಗಟ್ಟಲೆ ಬರ್ತಿತ್ತು, ಡಾಕ್ಟ್ರುಗಳು ಸೆಲ್ ಬದಲಾಯಿಸೋದನ್ನೇ ಮರೆತು ನಮ್ಮತ್ರ ರಿಪೇರಿಗೆ ತಂದಿದ್ದೂ ಉಂಟು.

ಇನ್ನೊಂದು ಮುಖ್ಯವಾದ್ದು ಕೇಳಿ. ಮೆಸೇಜ್ ಇಲ್ಲದಾಗ ನಮ್ಮ ಟ್ರಾನ್ಸ್‌ಮಿಟರೂ ಸುಮ್ನೆ ಇರ್ತಿತ್ತು. ಅದಕ್ಕೇ ಪ್ರತಿ ಸಲ ಶುರು ಮಾಡೋವಾಗ ಪೇಜರುಗಳನ್ನ ಎಚ್ಚರಿಸೋ 576 ಬಿಟ್ಟಿನ ಪ್ರಿಯಾಂಬಲ್, ಒಂದು ಸೊನ್ನೆ ಒಂದು ಸೊನ್ನೆ ಅಂತ ಹೊಡಿಯೋದು, ಸೆಕೆಂಡಿಗೆ 512 ಬಿಟ್ ಸ್ಪೀಡಲ್ಲಿ ಅದು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಆಗುತ್ತೆ, ಸೆಕೆಂಡಿಗೊಂದ್ಸಲ ಕಣ್ಣು ಬಿಡೋ ಪೇಜರ್ರು ಅದನ್ನ ತಪ್ಪಿಸ್ಕೊಳ್ಳೋಕೆ ಆಗಲ್ಲ. ಅಲ್ಲಿಗೆ ಎರಡೂ ಕಡೆ ಮಲಗೋದು ಆವಾಗ್ಲೇ ಇತ್ತಲ್ವಾ? ನಾನು ನಿಮ್ಮ ಕಡೇನೇ.

ಗದಗ ಟವರ್ ಸೈಟ್:
ಮಾದೇಶಣ್ಣಾರ, ನಮ್ಮ ಮಾತೂ ಸ್ವಲ್ಪ ಕೇಳ್ರಿ. ನಾ ಹನ್ನೊಂದು ವರ್ಷ ಟವರ್ ಸೈಟ್ ಮೇಂಟೆನೆನ್ಸ್ ಮಾಡೇನಿ, ಗದಗ, ರೋಣ, ಮುಂಡರಗಿ ಎಲ್ಲಾ ಕಡೆ ಅಡ್ಡಾಡೇನಿ. ನೀವು ಬೇಸ್ ಮಲಗಿಸೋದು ಸುಲಭ ಅಂತೀರಿ, ಆದ್ರ 2ಜಿ ಟವರ್ ಎಂದೂ ಮಲಗಿಲ್ರಿ. ಟವರಿನ ಮಾಹಿತಿ ಸಾರೋ ಬಿಸಿಸಿಎಚ್ ಚಾನೆಲ್ ಇರೋ ರೇಡಿಯೋ, ಅಂದ್ರ ಟಿಆರ್‌ಎಕ್ಸ್ ಎಂಟೂ ಟೈಮ್‌ಸ್ಲಾಟ್ ಫುಲ್ ಪವರಿನ್ಯಾಗ ಹೊಡೀತಾನ ಇರತೈತಿ, ಮಾತಾಡೋರು ಒಬ್ರೂ ಇಲ್ದಿದ್ರೂ ಡಮ್ಮಿ ಬರ್ಸ್ಟ್ ಹಾಕಿ ತುಂಬಸ್ತೈತಿ. ಯಾಕಂದ್ರ ಸುತ್ತಲಿನ ಫೋನ್ ಎಲ್ಲಾ ಅದರ ಸಿಗ್ನಲ್ ಅಳೀತಿರತಾವ, ಒಂದ್ ಕ್ಷಣ ಬಂದ್ ಆದ್ರ ಒಂದ್ ಟವರಿಂದ ಇನ್ನೊಂದಕ್ಕ ಫೋನ್ ದಾಟಿಸೋ ಹ್ಯಾಂಡೋವರ್ ಲೆಕ್ಕ ಎಲ್ಲಾ ಹಾಳು. ರಾತ್ರಿ ಎರಡು ಗಂಟೇಕ್ಕ ಊರೆಲ್ಲಾ ಮಲಗಿದಾಗ ಕರೆಂಟ್ ಹೋಗಿ ಬ್ಯಾಟರಿ ಬ್ಯಾಂಕ್ ಇಳಿದು ಡೀಸೆಲ್ ಕ್ಯಾನ್ ಹೊತ್ಗೊಂಡು ಗುಡ್ಡ ಹತ್ತಿದವ ನಾ, ಯಾರಿಗೂ ಕಾಲ್ ಇಲ್ಲ, ಆದ್ರೂ ಆ ರೇಡಿಯೋ ನಿಲ್ಲಂಗಿಲ್ಲ. ಬೇಸ್ ಮಲಗಿಸೋದು ಅಷ್ಟು ಸಹಜ ಇದ್ರ ಆ ಸ್ಟ್ಯಾಂಡರ್ಡ್ ಬರದವರು ದೊಡ್ಡ ದೊಡ್ಡ ಇಂಜಿನಿಯರ್‌ಗಳು ಯಾಕ ಮಾಡ್ಲಿಲ್ಲ?

ಮೋಡೆಮ್ ಮಾದೇಶ:
ಇದು ಒಳ್ಳೆ ಪಾಯಿಂಟು, ಒಪ್ಕೋತೀನಿ. 4ಜಿಲೂ ಫೋನುಗಳು ಅಳೆಯೋ ರೆಫರೆನ್ಸ್ ಸಿಗ್ನಲ್ ಮಿಲಿಸೆಕೆಂಡ್ ಮಿಲಿಸೆಕೆಂಡಿಗೂ ಹೋಗ್ತಾನೇ ಇರುತ್ತೆ. 5ಜಿಗೆ ಬಂದ್ಮೇಲೆ ತಾನೆ ಫೋನುಗಳು ಟೈಮ್ ಹೊಂದಿಸ್ಕೊಳ್ಳೋ ಸಿಂಕ್ ಬ್ಲಾಕು ಇಪ್ಪತ್ತು ಮಿಲಿಸೆಕೆಂಡಿಗೊಂದ್ಸಲ ಕಳ್ಸಿ ನಡುವೆ ಆಂಪ್ಲಿಫೈಯರ್ ಆಫ್ ಮಾಡೋಕೆ ಜಾಗ ಸಿಕ್ಕಿದ್ದು. ಆದ್ರೆ ದೊಡ್ಡ ಟವರ್ ಬೇರೆ, ಮೈಮೇಲಿನ ಸಣ್ಣ ಪೆಟ್ಟಿಗೆ ಬೇರೆ ಅಲ್ವಾ.

ಪೇಟೆಂಟ್ ಏಜೆಂಟ್ ಮೈಸೂರು:
ಆ ವ್ಯತ್ಯಾಸದಲ್ಲೇ ಇಡೀ ಕೇಸ್ ಇದೆ ಮಾದೇಶ್. ನಾನು ಇದೇ ಕೆಲಸದಲ್ಲಿರೋಳು, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನಟರಾಜನ್ ಪೇಟೆಂಟಿನ ಉದ್ದೇಶ ಏನು? ಬ್ಯಾಟರಿಯಲ್ಲಿ ಓಡೋ ಮೊಬೈಲ್ ಯೂನಿಟ್ಟಿನ ಕರೆಂಟು ಉಳಿಸೋದು. ಅಲ್ಲಿ ಬೇಸು ಎಲ್ಲರ ಟೈಮ್‌ಟೇಬಲ್ ಹಾಕೋ ಯಜಮಾನ, ಹತ್ತು ಮೊಬೈಲ್ ಹತ್ತು ಬೇರೆ ಹೊತ್ತಲ್ಲಿ ಎದ್ರೆ ಬೇಸು ಹತ್ತೂ ಹೊತ್ತು ಎಚ್ಚರ ಇರ್ಬೇಕು. ಈ ಕಡೆ 290ರಲ್ಲಿ, ಅಂದ್ರೆ ಡಿಎಸ್ಎಸ್ ಪೇಟೆಂಟಲ್ಲಿ, ಸರ್ವರ್ರೂ ಮೈಮೇಲೆ, ಅದಕ್ಕೂ ಬ್ಯಾಟರಿ, ಆದ್ದರಿಂದ ಕ್ಲೇಮಲ್ಲಿ, ಅಂದ್ರೆ ಯಾವುದರ ಮೇಲೆ ಹಕ್ಕು ಅಂತ ಹೇಳೋ ಭಾಗದಲ್ಲಿ, ಸರ್ವರ್ ಮತ್ತು ಆಕ್ಸೆಸರಿ ಎರಡರ ಟ್ರಾನ್ಸ್‌ಮಿಟರೂ ಲೋ ಡ್ಯೂಟಿ ಸೈಕಲ್ ಬರ್ಸ್ಟಲ್ಲಿ ಅಂತ ಬರೆದಿದೆ. ಆ ‘ಸರ್ವರ್’ ಕಡೆ ಟ್ರಾನ್ಸ್‌ಮಿಟರೂ ಹಂಗೆ ಅನ್ನೋ ಅಂಶ ನಟರಾಜನ್ನಲ್ಲಿ ಇಲ್ಲ. ಆ ಖಾಲಿ ಜಾಗನ ಆಪಲ್ ಹೆಂಗೆ ತುಂಬಿಸ್ತು ಅಂದ್ರೆ, ಬೇಸಿಗೂ ಮೊಬೈಲಿಗೂ ಹಾರ್ಡ್‌ವೇರ್ ಒಂದೇ ತರ ಇದೆ, ಅದರಿಂದ ಅದೇ ಟೆಕ್ನಿಕ್ ಇದಕ್ಕೂ ಹಾಕ್ಬಹುದು ಅಂತ. ಬೋರ್ಡು ಒಪ್ಕೊಂಡು ಬಿಡ್ತು.

ಅಪೀಲ್ ಕೋರ್ಟಲ್ಲಿ ಬಹುಮತದ ತೀರ್ಪು ಬರೆದ ಜಡ್ಜ್ ಕ್ಯಾಥ್ಲೀನ್ ಓಮ್ಯಾಲಿ ಹಿಡಿದಿದ್ದು ಇದನ್ನೇ. ಈ ಮುಖ್ಯ ಅಂಶದ ಮೇಲೆ ಬೋರ್ಡಿನ ವಿಶ್ಲೇಷಣೆ ಇರೋದೇ ಒಂದು ಪ್ಯಾರಾ. ಅದರಲ್ಲಿ ಸಾಮಾನ್ಯ ಕ್ರಿಯೇಟಿವಿಟಿ ಅನ್ನೋ ಮಾತಿದೆ, ದಾಖಲೆಯಿಂದ ಆಧಾರ ಎತ್ತಿ ತೋರಿಸಿದ್ದು ಇಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 2016ರಲ್ಲಿ, ಆರೆಂಡಿ ವರ್ಸಸ್ ಆಪಲ್ ಕೇಸಲ್ಲಿ ಇದೇ ಕೋರ್ಟ್ ಹೇಳಿತ್ತು, ಕ್ಲೇಮಿನ ಒಂದು ಅಂಶ ಹಳೇ ದಾಖಲೇಲಿ ಇಲ್ಲವೇ ಇಲ್ಲ ಅಂದಾಗ ಕಾಮನ್ ಸೆನ್ಸಿಂದ ಅದನ್ನ ತುಂಬಿಸೋಕೆ ಹೊರಟ್ರೆ ಆ ಅಂಶ ತುಂಬಾ ಸರಳವಾಗಿರ್ಬೇಕು, ಜೊತೆಗೆ ಕಾರಣ ಬಿಡಿಸಿ ಹೇಳ್ಬೇಕು, ಆಧಾರ ಇರ್ಬೇಕು ಅಂತ. ‘ಕಾಮನ್ ಸೆನ್ಸ್’ ಬದಲು ‘ಸಾಮಾನ್ಯ ಕ್ರಿಯೇಟಿವಿಟಿ’ ಅಂತ ಹೆಸರು ಬದಲಾಯಿಸಿದ್ರೆ ಆ ಜವಾಬ್ದಾರಿ ತಪ್ಪಲ್ಲ ಅಂತ ಇಲ್ಲಿ ಹೇಳಿದ್ರು.

ಪೇಜರ್ ಕಾಲದವನು:
ಮೇಡಂ, ಹಾಗಾದ್ರೆ ನಾನು ಹೇಳಿದ ಪೇಜರ್ ಟ್ರಾನ್ಸ್‌ಮಿಟರ್ ಸುಮ್ನಿರೋ ವಿಷಯ?

ಪೇಟೆಂಟ್ ಏಜೆಂಟ್ ಮೈಸೂರು:
ಸರ್, ನಿಮ್ಮ ಮಾತು ನಂಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಆ ತರ ಒಂದು ಹಳೇ ದಾಖಲೆನ ಬೋರ್ಡ್ ಮುಂದೆ ಇಟ್ಟು, ಇಂಥಾ ಪುಟ ಇಂಥಾ ಸಾಲು, ಇಲ್ಲಿ ಕಳಿಸೋ ಕಡೆನೂ ಆಫ್ ಆಗುತ್ತೆ, ಇದನ್ನ ನಟರಾಜನ್ ಜೊತೆ ಸೇರಿಸೋಕೆ ಇಂಜಿನಿಯರಿಗೆ ಇಂಥಾ ಕಾರಣ ಇತ್ತು ಅಂತ ವಾದ ಮಾಡಿದ್ರೆ ಅದು ವಾದ. ಆಗ ಕಾಮನ್ ಸೆನ್ಸ್ ಮಾತೇ ಬೇಕಾಗಿರ್ಲಿಲ್ಲ. ಈ ತರದ ವಿಚಾರಣೇಲಿ, ಅಂದ್ರೆ ಕೊಟ್ಟಿರೋ ಪೇಟೆಂಟನ್ನ ಮತ್ತೆ ಬೋರ್ಡ್ ಮುಂದೆ ಎಳೆಯೋ ಪ್ರಕ್ರಿಯೇಲಿ, ಪ್ರಶ್ನೆ ಮಾಡೋರು ಹಳೇ ಪೇಟೆಂಟು ಅಥವಾ ಪ್ರಿಂಟ್ ಆಗಿರೋ ದಾಖಲೆ ಮೇಲೇ ನಿಲ್ಲಬೇಕು. ನಮಗೆಲ್ಲಾ ಗೊತ್ತಿತ್ತು ಅನ್ನೋ ಮಾತಿಗೆ ಪುಟ ಸಂಖ್ಯೆ ಬೇಕು ಸರ್.

ಮೋಡೆಮ್ ಮಾದೇಶ:
ಪೇಜರ್ ಸರ್ ಉದಾಹರಣೆ ಬಗ್ಗೆ ನಾನೇ ಒಂದು ತೊಡಕು ಹೇಳ್ಬೇಕು, ನನ್ನ ವಾದಕ್ಕೆ ವಿರುದ್ಧ ಆದ್ರೂ ಸರಿ. ಪೇಜರಲ್ಲಿ ಟ್ರಾನ್ಸ್‌ಮಿಟರ್ ಸುಮ್ನಿರೋದು ಕಳ್ಸೋಕೆ ಏನೂ ಇಲ್ಲ ಅಂತ, ಮೊದ್ಲೇ ಒಪ್ಪಿಕೊಂಡ ಟೈಮ್‌ಟೇಬಲ್ ಪ್ರಕಾರ ಅಲ್ಲ, ಅದಕ್ಕೇ ಅಷ್ಟುದ್ದ ಪ್ರಿಯಾಂಬಲ್ ಹೊಡೆದು ಎಬ್ಬಿಸಬೇಕಾಗೋದು. 290ರಲ್ಲಿ ಎರಡೂ ಕಡೆ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದು ಕೋಡ್ ಪ್ರಕಾರ ಏಳೋದು. ಎರಡೂ ಕಡೆ ಮಲಗಿದ್ರೆ ಗಡಿಯಾರ ಕಾಯೋರು ಯಾರು ಅನ್ನೋದು ನಿಜವಾದ ಕಷ್ಟ, ಇದನ್ನ ನಾನು ಅನುಭವಿಸಿದೀನಿ.

ಹಿಂದೆ ಒಂದು ಪ್ರಾಜೆಕ್ಟಲ್ಲಿ, ಕಂಪನಿ ಹೆಸರು ಬೇಡ, ಫೋನು ಮಲಗಿದಾಗ ದೊಡ್ಡ 26 ಮೆಗಾಹರ್ಟ್ಸ್ ಕ್ರಿಸ್ಟಲ್ ಆಫ್ ಮಾಡಿ 32 ಕಿಲೋಹರ್ಟ್ಸಿನ ಸಣ್ಣ ಕ್ರಿಸ್ಟಲ್ ಮೇಲೆ ಟೈಮ್ ಎಣಿಸ್ತಿದ್ವಿ. ಸಣ್ಣ ಕ್ರಿಸ್ಟಲ್ 20 ಪಿಪಿಎಂ, ಅಂದ್ರೆ ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ಆಚೀಚೆ ಆದ್ರೆ ಎರಡು ಸೆಕೆಂಡಿಗೆ 40 ಮೈಕ್ರೋಸೆಕೆಂಡ್ ತಪ್ಪುತ್ತೆ. ಕೇಳೋಕೆ ಏನೂ ಅಲ್ಲ. ಆದ್ರೆ ಜಿಎಸ್ಎಮ್ಮಿನ ಒಂದು ಬಿಟ್‌ನ ಉದ್ದ ನಾಲ್ಕು ಮೈಕ್ರೋಸೆಕೆಂಡಿಗಿಂತ ಕಮ್ಮಿ, ಅಂದ್ರೆ ಹತ್ತು ಬಿಟ್‌ಗಿಂತ ಜಾಸ್ತಿ ಪಕ್ಕಕ್ಕೆ ಸರಿದೋಯ್ತು. ಲ್ಯಾಬಲ್ಲಿ ಎಲ್ಲಾ ಚೆನ್ನಾಗಿತ್ತು, ಎಸಿ ರೂಮಿಂದ ಬಿಸಿಲಿಗೆ ತಗೊಂಡೋದ್ರೆ ಕಾಲ್ ಬರ್ತಾ ಇರ್ಲಿಲ್ಲ. ಆರು ವಾರ ಮನೆ ಮಠ ಬಿಟ್ಟು ಹುಡುಕಿದೀವಿ. ಕೊನೆಗೆ ಎದ್ದಾಗೆಲ್ಲ ದೊಡ್ಡ ಗಡಿಯಾರದ ಜೊತೆ ಸಣ್ಣದನ್ನ ತಾಳೆ ಹಾಕಿ, ತಪ್ಪನ್ನ ಮುಂದಿನ ನಿದ್ದೆಗೆ ಸರಿ ಮಾಡ್ಕೊಂಡು, ಸ್ವಲ್ಪ ಮುಂಚೇನೇ ಏಳೋ ತರ ಮಾಡಿದ್ವಿ. ಅಲ್ಲಿ ನಮ್ಮನ್ನ ಉಳಿಸಿದ್ದು ಏನು ಅಂದ್ರೆ ಟವರು ಮಲಗಲ್ಲ ಅನ್ನೋದು. ನಾವು ಎಷ್ಟೇ ತಪ್ಪಿ ಎದ್ರೂ ಅದು ಹೊಡೀತಾನೇ ಇರುತ್ತೆ, ನೋಡಿ ಸರಿ ಮಾಡ್ಕೋಬಹುದು. ಅದೂ ಮಲಗಿದ್ದಿದ್ರೆ ನಾವು ಯಾರನ್ನ ನೋಡಿ ಗಡಿಯಾರ ಸರಿ ಮಾಡ್ಕೊಳ್ಳೋದು?

ಇದನ್ನ ಟೈಪ್ ಮಾಡ್ತಾ ಮಾಡ್ತಾನೇ ನನ್ನ ಐದು ನಿಮಿಷದ ಮಾತು ತಪ್ಪು ಅನ್ನಿಸ್ತಿದೆ.

ಗದಗ ಟವರ್ ಸೈಟ್:
ಅದನ್ನ ನಾ ಹೇಳಾಕ ಹೊಂಟಿದ್ದೆ ಅಣ್ಣಾರ, ನೀವ ಚಂದಾಗಿ ಹೇಳಿದ್ರಿ.

ಕೋಡ್ ಎಲ್ಲರದೂ:
ನಂಗೆ ಈ ಚರ್ಚೆ ಓದಿ ಬೇಜಾರಾಗ್ತಿದೆ. ಡಿಎಸ್ಎಸ್ ಅನ್ನೋರು ಈ ಐಡಿಯಾ ಕಂಡುಹಿಡಿದೋರೇ ಅಲ್ಲ. ಯಾರದ್ದೋ ಪೇಟೆಂಟ್ ತಗೊಂಡು, ಹದಿಮೂರು ವರ್ಷ ಆದ್ಮೇಲೆ, 2013ರಲ್ಲಿ ಟೆಕ್ಸಾಸಲ್ಲಿ ಕೇಸ್ ಹಾಕಿದಾರೆ. ಆಪಲ್ ಬಗ್ಗೆ ನಂಗೇನು ಪ್ರೀತಿ ಇಲ್ಲ, ಆದ್ರೆ ಇದೇ ಕೇಸು ನಾಳೆ ಪೀಣ್ಯದ ಯಾವುದೋ ಸಣ್ಣ ಸೆನ್ಸರ್ ಕಂಪನಿ ಮೇಲೆ ಬಿದ್ರೆ ಅವ್ರು ಅಮೆರಿಕದ ವಕೀಲರಿಗೆ ದುಡ್ಡು ಎಲ್ಲಿಂದ ತರ್ತಾರೆ? ಬೋರ್ಡ್ ಮುಂದೆ ಪೇಟೆಂಟ್ ಪ್ರಶ್ನೆ ಮಾಡೋ ದಾರಿನ 2011ರ ಕಾಯ್ದೇಲಿ ಮಾಡಿದ್ದೇ ಕೋರ್ಟಿಗಿಂತ ಕಮ್ಮಿ ಖರ್ಚಲ್ಲಿ ಆಗ್ಲಿ ಅಂತ. ಅಲ್ಲಿ ಗೆದ್ದಿದ್ದನ್ನೂ ಕೋರ್ಟ್ ಕಿತ್ತುಕೊಂಡ್ರೆ ಹೆಂಗೆ?

ಪೇಟೆಂಟ್ ಏಜೆಂಟ್ ಮೈಸೂರು:
ನಿಮ್ಮ ಸಿಟ್ಟು ನಂಗೆ ಅರ್ಥ ಆಗುತ್ತೆ, ಆ ವ್ಯಾಪಾರದ ಬಗ್ಗೆ ನಂಗೂ ಒಳ್ಳೆ ಅಭಿಪ್ರಾಯ ಇಲ್ಲ. ಆದ್ರೆ ಪೇಟೆಂಟ್ ಬರೆದಿದ್ದು ಬಿಬಿಎನ್ ಕಂಪನಿಯ ಇಂಜಿನಿಯರ್, ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್ಟಿನ ಮೊದಲ ರೂಟರುಗಳನ್ನ ಕಟ್ಟಿದ ಅದೇ ಬಿಬಿಎನ್. ಬ್ಲೂಟೂತಿನ ಮೊದಲ ಸ್ಪೆಸಿಫಿಕೇಶನ್ 1999ರಲ್ಲಿ ಬಂತು, ಇವ್ರ ಅರ್ಜಿ 1996–97ರದ್ದು. ಯಾರ ಕೈಲಿದೆ ಅನ್ನೋದರ ಮೇಲೆ ಐಡಿಯಾ ಹೊಸದಾ ಹಳೇದಾ ಅಂತ ತೀರ್ಮಾನ ಮಾಡೋಕಾಗಲ್ಲ. ನಾಳೆ ನಿಮ್ಮ ಪೀಣ್ಯದ ಕಂಪನಿ ಹತ್ರನೇ ಒಂದು ಪೇಟೆಂಟ್ ಇದ್ದು, ದೊಡ್ಡ ಕಂಪನಿಯೊಂದು ಬಂದು ಇದೆಲ್ಲಾ ಕಾಮನ್ ಸೆನ್ಸು ಅಂತ ಒಂದು ಪ್ಯಾರಾದಲ್ಲಿ ಹೊಡೆದು ಹಾಕ್ಸಿದ್ರೆ ನೀವು ಯಾವ ಕಡೆ ನಿಲ್ತೀರಿ?

ಕೋಡ್ ಎಲ್ಲರದೂ:
ಕಾರಣ ಬರೀಬೇಕು ಅನ್ನೋದನ್ನ ಒಪ್ತೀನಿ. ಹಂಗಿದ್ರೆ ವಾಪಸ್ ಬೋರ್ಡಿಗೆ ಕಳ್ಸಿ ಸರಿಯಾಗಿ ಬರೀರಿ ಅನ್ನಬೇಕಿತ್ತು. ನೇರ ರಿವರ್ಸ್ ಮಾಡಿದ್ದನ್ನ ನಾನು ಒಪ್ಪಲ್ಲ.

ಪೇಟೆಂಟ್ ಏಜೆಂಟ್ ಮೈಸೂರು:
ಇದರಲ್ಲಿ ನಾನೂ ನಿಮ್ಮ ಜೊತೆ ಅರ್ಧ ಇದೀನಿ. ಮೂವರಲ್ಲಿ ಜಡ್ಜ್ ಪಾಲೀನ್ ನ್ಯೂಮನ್ ಭಿನ್ನಮತ ಬರೆದಿದಾರೆ. ಪೇಟೆಂಟ್ ಪಡೆದೋರ ಪರ ನಿಲ್ಲೋರು ಅಂತಲೇ ಹೆಸರಾದ ನ್ಯೂಮನ್ನೇ ಇಲ್ಲಿ ಬೋರ್ಡಿನ ಕಡೆ ನಿಂತಿದ್ದು ಗಮನಿಸಬೇಕಾದ್ದು, ಹಾಗಾಗಿ ಮಾದೇಶ್ ಮೊದಲು ಹೇಳಿದ್ದು ತೀರಾ ತಳ ಇಲ್ಲದ ಮಾತಲ್ಲ. ಬಹುಮತದವರ ಲೆಕ್ಕ ಏನಂದ್ರೆ ಆಪಲ್ಲಿಗೆ ದಾಖಲೆ ಇಡೋಕೆ ಅವಕಾಶ ಇತ್ತು, ಇಟ್ಟಿರೋ ದಾಖಲೇಲಿ ಆಧಾರ ಸಿಗ್ಲಿಲ್ಲ, ಮತ್ತೆ ಇನ್ನೊಂದು ಅವಕಾಶ ಯಾಕೆ ಅಂತ. ಅದು ಕಠಿಣ, ಆದ್ರೆ ಅನ್ಯಾಯ ಅಂತ ನಂಗೆ ಅನ್ನಿಸಲ್ಲ.

ತುಮಕೂರು ಇಸಿ ಮೂರನೇ ವರ್ಷ:
ಮೇಡಂ, ನಮ್ಮ ದೇಶದಲ್ಲಿ ಈ ‘ಎಲ್ರಿಗೂ ಗೊತ್ತಿರೋದೇ’ ಅನ್ನೋದನ್ನ ಹೆಂಗೆ ನೋಡ್ತಾರೆ? ನಮ್ಮ ಕಾಲೇಜಲ್ಲಿ ಪ್ರಾಜೆಕ್ಟಿಗೆ ಪೇಟೆಂಟ್ ಹಾಕಿ ಹಾಕಿ ಅಂತಾರೆ, ಇದನ್ನ ಯಾರೂ ಹೇಳ್ಕೊಡಲ್ಲ.

ಪೇಟೆಂಟ್ ಏಜೆಂಟ್ ಮೈಸೂರು:
ನಮ್ಮ ಪೇಟೆಂಟ್ ಕಾಯ್ದೆಯ 2(1)(ಜೆಎ) ಓದಮ್ಮ. ಹಿಂದಿನ ಜ್ಞಾನಕ್ಕಿಂತ ತಾಂತ್ರಿಕವಾಗಿ ಮುಂದೆ ಹೋಗಿರ್ಬೇಕು ಅಥವಾ ಆರ್ಥಿಕ ಮಹತ್ವ ಇರ್ಬೇಕು ಅಥವಾ ಎರಡೂ, ಜೊತೆಗೆ ಆ ವಿದ್ಯೆ ಬಲ್ಲೋನಿಗೆ ಅದು ಸಹಜವಾಗಿ ಹೊಳೆಯೋ ಹಂಗಿರ್ಬಾರ್ದು. ಸುಪ್ರೀಂ ಕೋರ್ಟು ಬಿಶ್ವನಾಥ ಪ್ರಸಾದ್ ಕೇಸಲ್ಲಿ, 1978ರ ಡಿಸೆಂಬರಲ್ಲಿ, ಹಳೇ ದಾಖಲೆನ ಒಬ್ಬ ನುರಿತ ಕೆಲಸಗಾರನ ಕೈಗೆ ಕೊಟ್ರೆ ಅವನಿಗೆ ಇದು ತಾನಾಗೇ ಹೊಳೀತಿತ್ತಾ ಅಂತ ಕೇಳಿಕೊಳ್ಳಬೇಕು ಅಂತು. ಅದು ಪಾತ್ರೆ ತಯಾರಿಸೋ ಯಂತ್ರದ ಕೇಸು, ಫೋನಿನದಲ್ಲ, ಆದ್ರೆ ಇವತ್ತಿಗೂ ಎಲ್ರೂ ಅದನ್ನೇ ಹಿಡೀತಾರೆ. ಕರ್ನಾಟಕದಿಂದ ಅರ್ಜಿ ಹಾಕಿದ್ರೆ ಅದು ಚೆನ್ನೈ ಪೇಟೆಂಟ್ ಆಫೀಸಿಗೆ ಹೋಗುತ್ತೆ, ತಿರಸ್ಕಾರ ಆದ್ರೆ ಮೊದ್ಲು ಮೇಲ್ಮನವಿ ಮಂಡಳಿ ಇತ್ತು, 2021ರಲ್ಲಿ ಅದನ್ನ ಮುಚ್ಚಿದ ಮೇಲೆ ಮದ್ರಾಸ್ ಹೈಕೋರ್ಟಿಗೇ ಅಪೀಲು. ಒಂದೆರಡು ಸಾಲಲ್ಲಿ ‘ಇದು ಸ್ವಯಂವೇದ್ಯ’ ಅಂತ ಬರೆದು ಕೈ ತೊಳ್ಕೊಂಡಿರೋ ಆರ್ಡರ್‌ಗಳನ್ನ ನಾನೂ ನೋಡಿದೀನಿ, ಅಂಥ ಕಡತ ಹಿಡ್ಕೊಂಡು ಕ್ಲೈಂಟಿಗೆ ಏನಂತ ವಿವರಿಸೋದು, ಯಾವ ಕಾರಣದ ವಿರುದ್ಧ ವಾದ ಮಾಡೋದು ಅಂತಲೇ ಗೊತ್ತಾಗಲ್ಲ.

ಮೋಡೆಮ್ ಮಾದೇಶ:
ನಾನು ಇದನ್ನ ಹೇಳ್ಲೋ ಬೇಡ್ವೋ ಅಂತ ನಿನ್ನೆಯಿಂದ ಯೋಚನೆ ಮಾಡ್ತಿದ್ದೆ. ನಮ್ಮ ಆಫೀಸಲ್ಲಿ ಹೊಸ ಐಡಿಯಾ ಹೊಳೆದ್ರೆ ಇನ್ವೆನ್ಷನ್ ಡಿಸ್‌ಕ್ಲೋಷರ್ ಅಂತ ಫಾರಂ ತುಂಬ್ತಾರೆ, ಅದನ್ನ ರಿವ್ಯೂ ಮಾಡೋ ಮೂರು ಜನದಲ್ಲಿ ನಾನೊಬ್ಬ. ನಾಲ್ಕು ತಿಂಗಳ ಹಿಂದೆ ಒಬ್ಳು ಜೂನಿಯರ್ ಹುಡುಗಿ ಒಂದು ಫಾರಂ ಕಳ್ಸಿದ್ಲು, ಹೊಲದಲ್ಲಿ ಹಾಕೋ ಮೀಟರುಗಳಿಗೆ, ಅವುಗಳ ಡೇಟಾ ತಗೊಳ್ಳೋ ಪೆಟ್ಟಿಗೆ ಅಂದ್ರೆ ಗೇಟ್‌ವೇ ಕೂಡ ಸೋಲಾರ್ ಬ್ಯಾಟರಿ ಮೇಲಿದ್ದಾಗ ಅದೂ ಮಲಗಿ ಎಲ್ರ ಜೊತೆ ಒಟ್ಟಿಗೆ ಏಳೋದು ಹೆಂಗೆ ಅಂತ. ನಾನು ಒಂದೇ ಸಾಲು ಬರೆದು ವಾಪಸ್ ಕಳ್ಸಿದ್ದೆ, ‘ತಿಳಿದಿರೋದೇ, ಡಿಆರ್‌ಎಕ್ಸ್ ನೋಡಿ’ ಅಂತ. ಬೋರ್ಡಿನೋರು ಒಂದು ಪ್ಯಾರಾನಾದ್ರೂ ಬರೆದಿದ್ರು.

ಡಿಆರ್‌ಎಕ್ಸ್ ಅಂದ್ರೆ ಆಗಾಗ ಮಾತ್ರ ಎದ್ದು ಕೇಳೋ ಪದ್ಧತಿ, ಅದರಲ್ಲಿ ಮಲಗೋದು ಫೋನು. ಟವರಲ್ಲ. ಗದಗದ ಅಣ್ಣ ಅದನ್ನೇ ತಾನೆ ಹೇಳಿದ್ದು.

ಪೇಜರ್ ಕಾಲದವನು:
ಮಾದೇಶ್, ಆ ಹುಡುಗಿನ ಮತ್ತೆ ಕರೆದು ಮಾತಾಡಿ. ನಮ್ಮ ಕಾಲದಲ್ಲಿ ಇಂಥ ಒಂದು ಮಾತಿಗೆ ಕೆಲಸ ಬಿಟ್ಟು ಹೋದೋರನ್ನ ನೋಡಿದೀನಿ.

ಕೋಡ್ ಎಲ್ಲರದೂ:
ಕರೀರಿ, ಆದ್ರೆ ಪೇಟೆಂಟ್ ಬದಲು ಪೇಪರ್ ಮಾಡಿ ಪಬ್ಲಿಷ್ ಮಾಡೋಕೂ ಹೇಳಿ, ಆಮೇಲೆ ಯಾರೂ ಅದರ ಮೇಲೆ ಬೇಲಿ ಹಾಕೋಕಾಗಲ್ಲ.

ಪೇಟೆಂಟ್ ಏಜೆಂಟ್ ಮೈಸೂರು:
ಅದು ಅವಳು ಮತ್ತೆ ಅವಳ ಕಂಪನಿ ತೀರ್ಮಾನ ಮಾಡೋದು. ಆದ್ರೆ ಮಾದೇಶ್, ಅರ್ಜಿ ಹಾಕೋಕೆ ಮುಂಚೆ ಪೇಪರ್ ಮಾಡಿದ್ರೆ ಅದೇ ಅವಳ ವಿರುದ್ಧ ಹಳೇ ದಾಖಲೆ ಆಗಬಹುದು, ಕ್ರಮ ತಪ್ಪಿಸಬೇಡಿ ಅಂತ ಹೇಳಿ. ಮತ್ತೆ ಗಡಿಯಾರದ ಕಷ್ಟನ ಅವಳು ಹೆಂಗೆ ಬಿಡಿಸಿದಾಳೆ ಅನ್ನೋದನ್ನ ಫಾರಂನಲ್ಲಿ ಬಿಡಿಸಿ ಬರೀಲಿ. ಅದಿಲ್ಲದೆ ಬರೀ ಗೇಟ್‌ವೇನೂ ಮಲಗುತ್ತೆ ಅಂದ್ರೆ ನಾಳೆ ಎಕ್ಸಾಮಿನರ್ರೂ ನಿಮ್ಮ ತರಾನೇ ಒಂದು ಸಾಲು ಬರೀತಾರೆ.

ಮೋಡೆಮ್ ಮಾದೇಶ:
ಇವತ್ತು ಮಧ್ಯಾಹ್ನ ಕ್ಯಾಂಟೀನಲ್ಲಿ ಸಿಕ್ಕಿದ್ಲು, ಮಾತಾಡಿದೆ. ನಾನು ರಿಜೆಕ್ಟ್ ಮಾಡಿದ್ದು ಸರಿ ಇರ್ಲಿಲ್ಲ, ಓದದೇ ಬರೆದೆ ಅಂತ ನೇರ ಹೇಳ್ದೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಟಿಶ್ಯೂ ಪೇಪರ್ ಮೇಲೆ ಚಿತ್ರ ಬರೆದು ತೋರಿಸಿದ್ಲು. ಗೇಟ್‌ವೇ ಎದ್ದಾಗೆಲ್ಲ ಮೀಟರುಗಳು ಕಳ್ಸೋ ಮೊದಲ ಬಿಟ್ಟುಗಳು ಎಷ್ಟು ತಡವಾಗಿ ಬಂದ್ವು ಅಂತ ನೋಡಿ, ಅವೆಲ್ಲದರ ಸರಾಸರಿ ಹಿಡಿದು ತನ್ನ ಗಡಿಯಾರನ ತಾನೇ ತಿದ್ದಿಕೊಳ್ಳುತ್ತೆ, ಯಾರೂ ಎಚ್ಚರ ಇರ್ಬೇಕಾಗಿಲ್ಲ. ಬಿಸಿಲಿಗೆ ಎಲ್ಲಾ ಮೀಟರ್ರೂ ಒಟ್ಟಿಗೆ ಒಂದೇ ಕಡೆ ಸರಿದ್ರೆ ಏನು ಮಾಡ್ತೀಯ ಅಂತ ಕೇಳಿದೆ. ಅದಕ್ಕೂ ಅವಳ ಹತ್ರ ಒಂದು ಉತ್ತರ ಇದೆ, ಇಲ್ಲಿ ಬರೀಬಾರ್ದು, ಮೇಡಂ ಹೇಳಿದ ಕಾರಣಕ್ಕೆ. ಫಾರಂ ಸೋಮವಾರ ಮತ್ತೆ ಹಾಕ್ತಾಳೆ. ರಿವ್ಯೂಗೆ ನಾನು ಕೂರಲ್ಲ, ಬೇರೆಯವರಿಗೆ ಕೊಡಿ ಅಂತ ಹೇಳಿದೀನಿ.

ಗದಗ ಟವರ್ ಸೈಟ್:
ಬಾಳ ಚಲೋ ಆತು ನೋಡ್ರಿ. ಆ ಹುಡುಗಿಗೆ ಬಿಸಿಲಿನ್ಯಾಗ ಟೆಸ್ಟ್ ಮಾಡಾಕ ಜಾಗ ಬೇಕಂದ್ರ ಹೇಳ್ರಿ, ಏಪ್ರಿಲ್ ತಿಂಗಳ ಮುಂಡರಗಿ ಕಡೆ ಬರ್ರಿ, ನಮ್ಮ ಹೊಲದಾಗ ಹಾಕೋಣು.